ನಿಂತು ನೋಡುವ ಟಿಕೆಟ್

1936ರ ಜುಲೈ 16ನೇ ತಾರೀಕಿನ ಒಂದು ಪತ್ರ. ಬರೆದವರು ಜರ್ಮನಿಯ ಕ್ರೀಡಾ ಇಲಾಖೆಯವರು, ಬರೆದದ್ದು ಗ್ರೆಟೆಲ್ ಬರ್ಗ್‌ಮನ್ ಅನ್ನೋ ಇಪ್ಪತ್ತೆರಡು ವರ್ಷದ ಹುಡುಗಿಗೆ. ಸಾರಾಂಶ ಇಷ್ಟು: ಇತ್ತೀಚಿನ ನಿಮ್ಮ ಪ್ರದರ್ಶನ ನೋಡಿದರೆ ಒಲಿಂಪಿಕ್ಸ್ ತಂಡಕ್ಕೆ ಆಯ್ಕೆಯಾಗುತ್ತೀರಿ ಅಂತ ನೀವೇ ಅಂದುಕೊಂಡಿರಲಾರಿರಿ. ಆದರೂ ನಿಮ್ಮ ಶ್ರಮಕ್ಕೆ ಮೆಚ್ಚುಗೆಯಾಗಿ ಕ್ರೀಡಾಕೂಟ ನೋಡೋದಕ್ಕೆ ಟಿಕೆಟ್ ಕೊಡುತ್ತೇವೆ. ಟಿಕೆಟ್ ಅಂದ್ರೆ ಕೂತು ನೋಡೋದಲ್ಲ, ನಿಂತು ನೋಡೋದು. ಬರ್ಲಿನ್‌ಗೆ ಹೋಗಿಬರುವ ಖರ್ಚು, ಉಳಿದುಕೊಳ್ಳುವ ಖರ್ಚು ಮಾತ್ರ ನಮ್ಮಿಂದ ಆಗಲ್ಲ. ಕೊನೆಗೆ 'ಹೈಲ್ ಹಿಟ್ಲರ್' ಅಂತ ವಂದನೆ.

ಇದನ್ನ ಮೊದಲ ಸಲ ಓದಿದಾಗ ನನಗೆ ಸಿಟ್ಟು ಬರಲಿಲ್ಲ. ಎಲ್ಲೋ ಓದಿದ ಹಾಗಿದೆಯಲ್ಲ ಅನ್ನಿಸಿತು. ಎಲ್ಲಿ ಅಂತ ಹೊಳೆಯೋದಕ್ಕೆ ಎರಡು ದಿನ ಬೇಕಾಯಿತು. ಅದನ್ನ ಆಮೇಲೆ ಹೇಳ್ತೀನಿ.

ಪತ್ರ ಬರೋದಕ್ಕೆ ಮುಂಚೆ, ಮೂರು ವಾರ ಕೂಡ ಆಗಿರಲಿಲ್ಲ, ಗ್ರೆಟೆಲ್ ಸ್ಟುಟ್‌ಗಾರ್ಟ್‌ನಲ್ಲಿ 1.60 ಮೀಟರ್ ಹಾರಿದ್ದಳು. ನಮ್ಮ ಲೆಕ್ಕದಲ್ಲಿ ಐದು ಅಡಿ ಮೂರು ಇಂಚು. ಅದು ಜರ್ಮನಿಯ ಮಹಿಳೆಯರ ಹೈಜಂಪ್ ದಾಖಲೆಗೆ ಸರಿಸಮ. ಆ ಸ್ಟೇಡಿಯಮ್ಮಿಗೆ ಹಿಟ್ಲರನದೇ ಹೆಸರಿತ್ತು. ಆಗ ಈಗಿನ ಹಾಗೆ ಬೆನ್ನು ತಿರುಗಿಸಿ ಹಾರಿ ಮೆತ್ತನೆ ಹಾಸಿಗೆ ಮೇಲೆ ಬೀಳೋದು ಇರಲಿಲ್ಲ. ಕತ್ತರಿಯ ಹಾಗೆ ಒಂದು ಕಾಲಾದ ಮೇಲೆ ಇನ್ನೊಂದು ಕಾಲನ್ನ ಕೋಲಿನ ಆಚೆಗೆ ದಾಟಿಸಿ ಮರಳಿಗೆ ಇಳೀಬೇಕು. ನಮ್ಮ ಸ್ಕೂಲುಗಳಲ್ಲಿ ಪಿಟಿ ಮೇಷ್ಟ್ರು ಎರಡು ಕಂಬ ನೆಟ್ಟು, ಅಡ್ಡಕ್ಕೆ ಬಿದಿರು ಇಟ್ಟು ಹಾರಿಸ್ತಿದ್ದರಲ್ಲ, ಹೆಚ್ಚುಕಮ್ಮಿ ಹಾಗೇ. ಹೈಜಂಪ್‌ನಲ್ಲಿ ಅಂಪೈರ್‌ಗೆ ದೊಡ್ಡ ಕೆಲಸ ಏನಿಲ್ಲ. ಕೋಲು ಬಿತ್ತು ಅಥವಾ ಬೀಳಲಿಲ್ಲ. ಹಾರಿದವಳು ಯಾರ ಮಗಳು, ಯಾವ ದೇವರಿಗೆ ಕೈ ಮುಗೀತಾಳೆ ಅಂತ ಕೋಲಿಗೆ ಗೊತ್ತಾಗಲ್ಲ.

ಕೋಲಿಗೆ ಗೊತ್ತಾಗದಿದ್ದದ್ದು ಪತ್ರ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಗ್ರೆಟೆಲ್ ಯಹೂದಿ.

ಹುಟ್ಟಿದ್ದು 1914ರಲ್ಲಿ, ಜರ್ಮನಿಯ ದಕ್ಷಿಣದ ಲಾಪ್‌ಹೈಮ್ ಅನ್ನೋ ಸಣ್ಣ ಊರಲ್ಲಿ. ತಂದೆ ಉದ್ಯಮಿ. ಓಡೋದು, ಎಸೆಯೋದು, ಹಾರೋದು ಎಲ್ಲ ಬರ್ತಿತ್ತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದದ್ದೇ ತಡ, ಉಲ್ಮ್ ಊರಿನ ಅವಳ ಕ್ಲಬ್ಬು, ಇನ್ನು ಬರಬೇಡ ಅಂದಿತು. ಅಪ್ಪ ಅಮ್ಮ ಇಂಗ್ಲೆಂಡಿಗೆ ಕಳಿಸಿದರು. ಅಲ್ಲಿ 1.55 ಮೀಟರ್ ಹಾರಿ ಬ್ರಿಟಿಷ್ ಚಾಂಪಿಯನ್ ಆದಳು. ಅಷ್ಟು ಹೊತ್ತಿಗೆ ಜರ್ಮನಿಗೆ ಒಂದು ತಲೆನೋವು ಶುರುವಾಗಿತ್ತು. ಯಹೂದಿಗಳನ್ನ ಆಟಕ್ಕೆ ಸೇರಿಸಲ್ಲ ಅಂದರೆ ನಾವು ಬರ್ಲಿನ್‌ಗೆ ಬರಲ್ಲ ಅಂತ ಅಮೆರಿಕದಲ್ಲಿ ಕೂಗೆದ್ದಿತ್ತು. ನೋಡಿ, ನಮ್ಮಲ್ಲೂ ಯಹೂದಿ ಆಟಗಾರ್ತಿ ಇದ್ದಾಳೆ ಅಂತ ತೋರಿಸೋದಕ್ಕೆ ಒಂದು ಮುಖ ಬೇಕಿತ್ತು. ವಾಪಸ್ ಬಾ, ಬರದಿದ್ದರೆ ನಿನ್ನ ಮನೆಯವರ ಗತಿ ನೋಡ್ಕೋ ಅನ್ನೋ ಧಾಟಿಯ ಒತ್ತಡ ಬಂತು. ಅವಳು ಬಂದಳು. ಬರಬೇಕಿತ್ತಾ ಬೇಡವಾ ಅಂತ ಕಾಫಿ ಹೀರ್ತಾ ಚರ್ಚೆ ಮಾಡೋದು ನಮಗೆ ಸುಲಭ. ಅಪ್ಪ ಅಮ್ಮನನ್ನ ಒತ್ತೆ ಇಟ್ಟು ಕೇಳಿದ ಪ್ರಶ್ನೆಗೆ ಆಯ್ಕೆ ಅಂತ ಹೆಸರಿಡೋದಕ್ಕೆ ನನಗೆ ಮನಸ್ಸಿಲ್ಲ.

ತರಬೇತಿ ಶಿಬಿರಕ್ಕೆ ಸೇರಿಸಿಕೊಂಡರು, ಆದರೆ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಬಿಡಲಿಲ್ಲ. ಅದಕ್ಕೆ ಕಾರಣ ಬಹಳ ಚೆನ್ನಾಗಿದೆ: ಕ್ರೀಡಾ ಸಂಘದ ಸದಸ್ಯರಿಗೆ ಮಾತ್ರ ಪ್ರವೇಶ, ನೀನು ಸದಸ್ಯೆ ಅಲ್ಲ. ಯಾಕೆ ಸದಸ್ಯೆ ಅಲ್ಲ ಅಂದ್ರೆ, ಯಹೂದಿಗಳನ್ನ ಸದಸ್ಯರಾಗಿ ತಗೊಳ್ಳಲ್ಲ. ನಿಯಮ ಅಂದ್ರೆ ನಿಯಮ.

ಅಮೆರಿಕದ ತಂಡ ಹತ್ತಿದ ಹಡಗು ನ್ಯೂಯಾರ್ಕ್ ಬಿಟ್ಟದ್ದು ಜುಲೈ 15ಕ್ಕೆ. ಗ್ರೆಟೆಲ್‌ಗೆ ಪತ್ರ ಬರೆದದ್ದು 16ಕ್ಕೆ. ಹಡಗು ದಡ ಬಿಟ್ಟ ಮೇಲೆ ಮುಖದ ಅವಶ್ಯಕತೆ ತೀರಿತ್ತು.

ಅವಳ ಜಾಗಕ್ಕೆ ಇನ್ನೊಬ್ಬಳನ್ನ ಹಾಕಿದರಾ? ಇಲ್ಲ. ಒಂದು ದೇಶ ಮೂವರನ್ನ ಇಳಿಸಬಹುದಿತ್ತು. ಜರ್ಮನಿ ಇಬ್ಬರನ್ನೇ ಇಳಿಸಿತು. ಪ್ರದರ್ಶನ ಸಾಲದು ಅನ್ನೋ ಮಾತಿಗೆ ಏನಾದರೂ ಅರ್ಥ ಇರಬೇಕು ಅಂದ್ರೆ ಅವಳಿಗಿಂತ ಚೆನ್ನಾಗಿ ಹಾರುವ ಒಬ್ಬಳು ಆ ಜಾಗದಲ್ಲಿ ನಿಲ್ಲಬೇಕಿತ್ತು. ಯಾರೂ ನಿಲ್ಲಲಿಲ್ಲ. ಜೊತೆಗಾರ್ತಿಯರಿಗೆ ಹೇಳಿದ್ದು ಇನ್ನೊಂದೇ ಕಥೆ: ಗ್ರೆಟೆಲ್‌ಗೆ ಗಾಯ ಆಗಿದೆ ಅಂತ. ಅಂದ್ರೆ ಅವಳಿಗೊಂದು ಸುಳ್ಳು, ಅವರಿಗೊಂದು ಸುಳ್ಳು.

ನನ್ನ ತಲೆ ಕೆಡಿಸಿದ್ದು ಈ ಸುಳ್ಳೇ. ಅವರಿಗೆ ಸುಳ್ಳು ಯಾಕೆ ಬೇಕಿತ್ತು? ಬೀದಿಬೀದಿಯಲ್ಲಿ 'ಯಹೂದಿಗಳಿಗೆ ಪ್ರವೇಶವಿಲ್ಲ' ಅಂತ ಬೋರ್ಡ್ ಹಾಕಿಕೊಂಡಿದ್ದ ಸರಕಾರ ಅದು. ಕ್ರೀಡಾಕೂಟಕ್ಕೆ ಬರೋ ವಿದೇಶಿಯರ ಕಣ್ಣಿಗೆ ಬೀಳಬಾರದು ಅಂತ ಕೆಲವು ಬೋರ್ಡ್ ತೆಗೆಸಿತ್ತು, ಅಷ್ಟೇ. ಕಾನೂನು ಮಾಡಿ ಅವರ ಪೌರತ್ವ ಕಿತ್ತುಕೊಂಡಿದ್ದದ್ದು ಹಿಂದಿನ ವರ್ಷ. ಅಂಥವರು ಒಂದು ಹುಡುಗಿಗೆ ನೇರವಾಗಿ, ನೀನು ಯಹೂದಿ, ಅದಕ್ಕೇ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ನಿನ್ನ ಹಾರಾಟ ಸಾಲದು ಅಂದರು.

ಮಹಾಭಾರತದಲ್ಲಿ ದ್ರೋಣ ಏಕಲವ್ಯನ ಹತ್ರ ಹೆಬ್ಬೆರಳು ಕೇಳಿದ. ಅದರಷ್ಟು ಕ್ರೂರವಾದದ್ದು ಕಮ್ಮಿ. ಆದರೆ ನೋಡಿ, ದ್ರೋಣ ಅವನಿಗೆ ನಿನಗೆ ಬಾಣ ಬಿಡೋಕೆ ಬರಲ್ಲ ಅನ್ನಲಿಲ್ಲ. ಅವನಿಗೆ ಬರುತ್ತೆ ಅಂತ ಗೊತ್ತಿದ್ದೇ ಬೆರಳು ಕೇಳಿದ್ದು. ರಂಗಭೂಮಿಯಲ್ಲಿ ಕರ್ಣನನ್ನ ತಡೆದಾಗಲೂ ಕೇಳಿದ್ದು ಕುಲ ಯಾವುದು ಅಂತ. ನಿನ್ನ ಗುರಿ ಸರಿ ಇಲ್ಲ ಅಂತ ಯಾರೂ ಹೇಳಲಿಲ್ಲ. ಅನ್ಯಾಯ ಅನ್ಯಾಯದ ಬಟ್ಟೆಯಲ್ಲೇ ಬಂತು. ಏಕಲವ್ಯ ಬೆರಳು ಕಳಕೊಂಡ, ತಾನು ಯಾರಿಗೂ ಕಮ್ಮಿ ಇಲ್ಲ ಅನ್ನೋ ಅರಿವನ್ನ ಕಳಕೊಳ್ಳಲಿಲ್ಲ. 1936ರ ಪತ್ರ ಹುಡುಗಿಯ ಜಾಗ ಕಿತ್ತುಕೊಂಡು, ಅದರ ಕಾರಣವನ್ನ ಅವಳ ಕಾಲಿಗೇ ಕಟ್ಟಿತು. ಕಳ್ಳತನವೂ ಆಯಿತು, ಕದ್ದ ಮಾಲು ನಿನ್ನದೇ ಅಲ್ಲವಾಗಿತ್ತು ಅನ್ನೋ ರಸೀದಿಯೂ ಸಿಕ್ಕಿತು.

ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ ನಮ್ಮಲ್ಲಿ ಗಾದೆ. ಗಾದೆ ಒಳ್ಳೇದೇ, ನಮ್ಮ ಅರ್ಧ ಮೀಟಿಂಗುಗಳಿಗೆ ಅನ್ವಯಿಸುತ್ತೆ. ಆದರೆ ಅದರಲ್ಲಿ ಒಂದು ಅಪಾಯ ಇದೆ. ನೆಲ ನಿಜವಾಗಿಯೂ ಡೊಂಕಾಗಿದ್ದ ದಿನ ಅದನ್ನ ಹೇಳೋಕೆ ಹೋದವಳು ಈ ಗಾದೆಯ ಬಾಯಿಗೆ ಸಿಕ್ಕಿಬೀಳ್ತಾಳೆ. ನೆಲ ಡೊಂಕು ಮಾಡಿದವನಿಗೆ ಈ ಗಾದೆಯಷ್ಟು ಅನುಕೂಲವಾದ ಕಾವಲುಗಾರ ಇನ್ನೊಬ್ಬನಿಲ್ಲ.

ಈಗ ನನ್ನ ವಿಷಯಕ್ಕೆ ಬರ್ತೀನಿ.

ಆ ಪತ್ರದ ಮೊದಲ ವಾಕ್ಯವನ್ನ ನಾನೇ ಬರೆದಿದ್ದೆ. ಜರ್ಮನ್‌ನಲ್ಲಲ್ಲ, ಎಚ್‌ಆರ್ ಇಂಗ್ಲಿಷಿನಲ್ಲಿ. ಕೆಲವು ವರ್ಷಗಳ ಹಿಂದೆ, ಆಗ ತಾನೇ ಲೀಡ್ ಆಗಿದ್ದೆ. ಹದಿನಾಲ್ಕು ಜನರ ತಂಡ. ವರ್ಷಾಂತ್ಯದ ರಿವ್ಯೂ ಹೊತ್ತಿಗೆ ಮೇಲಿನಿಂದ ಮಾತು ಬಂತು: ನಿಮ್ಮ ತಂಡದಿಂದ ಒಬ್ಬರು ಕೊನೆಯ ಬುಟ್ಟಿಗೆ ಬೀಳಲೇಬೇಕು, ಲೆಕ್ಕ ಸರಿಹೋಗಬೇಕಲ್ಲ. ಯಾರು ಅಂತ ಅವರು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ಹೆರಿಗೆ ರಜೆ ಮುಗಿಸಿ ಬಂದು ಐದು ತಿಂಗಳಾಗಿದ್ದ ಒಬ್ಬರಿದ್ದರು. ಆ ಐದು ತಿಂಗಳಲ್ಲಿ ಅವರು ಮಾಡಿದ ಕೆಲಸ ಉಳಿದ ಕೆಲವರ ವರ್ಷದ ಕೆಲಸಕ್ಕೆ ಸಮ. ಆದರೆ ಸಂಜೆ ಆರಕ್ಕೆ ಎದ್ದು ಹೋಗ್ತಿದ್ದರು, ರಾತ್ರಿ ಹತ್ತರ ಕಾಲ್‌ಗೆ ಇರುತ್ತಿರಲಿಲ್ಲ. 'ಈ ಅವಧಿಯಲ್ಲಿ ಅವರ ಪ್ರದರ್ಶನ ನಿರೀಕ್ಷಿತ ಮಟ್ಟ ತಲುಪಿಲ್ಲ' ಅಂತ ಟೈಪ್ ಮಾಡಿದೆ. ಅದಾದ ಮೇಲೆ ಅವರನ್ನ ಒಂದು ಗಾಜಿನ ರೂಮಿಗೆ ಕರೆದು ಕೂರಿಸಿ ಓದಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. ನೋಟ್‌ಬುಕ್ ತೆರೆದು, ಪೆನ್ ಹಿಡಿದು, 'ಯಾವುದರಲ್ಲಿ ಅಂತ ಹೇಳಿದ್ರೆ ಸರಿ ಮಾಡ್ಕೊಳ್ತೀನಿ' ಅಂದರು.

ನನ್ನ ಹತ್ರ ಉತ್ತರ ಇರಲಿಲ್ಲ. ಏನೋ ಒಂದು ಹೇಳಿದೆ. ಅವರು ಅದನ್ನ ಬರೆದುಕೊಂಡರು.

ಒಂದು ಮಾತು ಸ್ಪಷ್ಟ ಮಾಡ್ತೀನಿ, ಇಲ್ಲದಿದ್ದರೆ ಕೆಲವರು ಮೇಲೆ ಬೀಳ್ತಾರೆ. ಬೆಂಗಳೂರಿನ ಆಫೀಸೂ ನಾಜಿ ಜರ್ಮನಿಯೂ ಒಂದೇ ಅಂತ ನಾನು ಹೇಳ್ತಿಲ್ಲ. ಅಷ್ಟು ಅಗ್ಗದ ಹೋಲಿಕೆ ಮಾಡಿದರೆ ಅಲ್ಲಿ ಸತ್ತವರಿಗೆ ಅವಮಾನ. ನನ್ನ ಸಹೋದ್ಯೋಗಿ ಇನ್ನೊಂದು ಕಡೆ ಒಳ್ಳೆ ಕೆಲಸಕ್ಕೆ ಸೇರಿದರು. ಗ್ರೆಟೆಲ್‌ನ ಅಜ್ಜ ಅಜ್ಜಿಯರ, ನೆಂಟರಿಷ್ಟರ ಜಗತ್ತು ಬೂದಿಯಾಯಿತು. ಎರಡೂ ಒಂದೇ ತಕ್ಕಡಿಗೆ ಬರೋ ವಸ್ತು ಅಲ್ಲ. ನಾನು ಹೇಳ್ತಿರೋದು ಒಂದು ವಾಕ್ಯದ ಬಗ್ಗೆ ಮಾತ್ರ. ಅಷ್ಟು ದೊಡ್ಡ ಕೇಡಿಗೂ ಇಷ್ಟು ಸಣ್ಣ ಹೇಡಿತನಕ್ಕೂ ಒಂದೇ ವಾಕ್ಯ ಸಲೀಸಾಗಿ ಹೊಂದುತ್ತೆ ಅನ್ನೋದು ನನ್ನ ಕಳವಳ. ಬರ್ಲಿನ್‌ನ ಯಾವುದೋ ಕಚೇರಿಯಲ್ಲಿ ಆ ಪತ್ರವನ್ನ ಟೈಪ್ ಮಾಡಿದ ಗುಮಾಸ್ತ ಒಬ್ಬ ಇದ್ದಿರಬೇಕಲ್ಲ. ಅವನಿಗೆ 1.60 ಗೊತ್ತಿದ್ದಿರಬಹುದು, ಗೊತ್ತಿಲ್ಲದೇ ಇರಬಹುದು. ಮಧ್ಯಾಹ್ನ ಊಟದ ಡಬ್ಬಿ ತೆರೆದಿರುತ್ತಾನೆ. ನನಗೆ ಹಿಟ್ಲರ್ ಅರ್ಥ ಆಗಲ್ಲ. ಆ ಗುಮಾಸ್ತ ಅರ್ಥ ಆಗ್ತಾನೆ.

ಸರಿ, ಬರ್ಲಿನ್‌ನಲ್ಲಿ ಏನಾಯಿತು? ಆಗಸ್ಟ್ 9ಕ್ಕೆ ಮಹಿಳೆಯರ ಹೈಜಂಪ್. ಮೂವರು 1.60 ದಾಟಿದರು: ಹಂಗರಿಯ ಇಬೋಯಾ ಚಾಕ್, ಬ್ರಿಟನ್ನಿನ ಹದಿನಾರು ವರ್ಷದ ಡೊರೊತಿ ಓಡಂ, ಜರ್ಮನಿಯ ಎಲ್ಫ್ರೀಡೆ ಕೌನ್. ಮೂವರ ನಡುವೆ ಮತ್ತೆ ಹಾರಿಸಿದಾಗ ಚಾಕ್ 1.62 ದಾಟಿ ಚಿನ್ನ ಗೆದ್ದಳು. ಚಾಕ್ ಕೂಡ ಯಹೂದಿ! ಹಿಟ್ಲರನ ಮೈದಾನದಲ್ಲಿ ಯಹೂದಿ ಹುಡುಗಿ ಹೈಜಂಪ್ ಗೆಲ್ಲಬಾರದು ಅಂತ ಇಷ್ಟೆಲ್ಲ ಮಾಡಿದರೆ ಗೆದ್ದದ್ದು ಯಹೂದಿ ಹುಡುಗಿಯೇ. ಓಡಂಳ ಕಥೆ ಇನ್ನೊಂದು ತಮಾಷೆ. ಅವಳು 1.60ನ್ನ ಮೊದಲ ಯತ್ನದಲ್ಲೇ ದಾಟಿದ್ದಳು. ಕಮ್ಮಿ ತಪ್ಪು ಮಾಡಿದವರಿಗೆ ಗೆಲುವು ಅನ್ನೋ ಈಗಿನ ನಿಯಮ ಆಗಲೇ ಇದ್ದಿದ್ದರೆ ಚಿನ್ನ ಅವಳದು. ಹನ್ನೆರಡು ವರ್ಷ ಬಿಟ್ಟು 1948ರಲ್ಲಿ ಲಂಡನ್‌ನಲ್ಲಿ, ಮದುವೆಯಾಗಿ ಡೊರೊತಿ ಟೈಲರ್ ಆಗಿ, ಅಮೆರಿಕದ ಆಲಿಸ್ ಕೋಚ್‌ಮನ್ ಜೊತೆ 1.68ರಲ್ಲಿ ಸಮ ಮಾಡಿಕೊಂಡಳು. ಆ ಹೊತ್ತಿಗೆ ಹೊಸ ನಿಯಮ ಬಂದಿತ್ತು. ಕೋಚ್‌ಮನ್ ಮೊದಲ ಯತ್ನದಲ್ಲೇ ದಾಟಿದ್ದರಿಂದ ಚಿನ್ನ ಆಕೆಗೆ. ಒಲಿಂಪಿಕ್ ಚಿನ್ನ ಗೆದ್ದ ಮೊದಲ ಕಪ್ಪು ಮಹಿಳೆ ಅವರು. ಟೈಲರ್‌ಗೆ ಮತ್ತೆ ಬೆಳ್ಳಿ. ಒಂದು ಸಲ ಹಳೆಯ ನಿಯಮಕ್ಕೆ ಸೋತಳು, ಇನ್ನೊಂದು ಸಲ ಹೊಸ ನಿಯಮಕ್ಕೆ.

ಇದನ್ನ ದುರದೃಷ್ಟ ಅಂತೀವಿ. ಗ್ರೆಟೆಲ್‌ಗೆ ಆದದ್ದನ್ನ ಅನ್ಯಾಯ ಅಂತೀವಿ. ಎರಡರಲ್ಲೂ ಚಿನ್ನ ಸಿಗಲಿಲ್ಲ, ಆದರೂ ಎರಡೂ ಬೇರೆ ಅಂತ ಮಗುವಿಗೂ ಗೊತ್ತು. ವ್ಯತ್ಯಾಸ ಎಲ್ಲಿದೆ? ನನಗೆ ಹೊಳೆದದ್ದು ಹೀಗೆ. ಹೈಜಂಪ್ ಒಂದು ವಿಚಿತ್ರ ಆಟ. ಬೇರೆ ಓಟಗಳಲ್ಲಿ ಗೆದ್ದವಳು ಗೆರೆ ದಾಟಿ ನಿಲ್ಲುತ್ತಾಳೆ. ಹೈಜಂಪ್‌ನಲ್ಲಿ ಎಲ್ಲರೂ ಹೋದ ಮೇಲೂ ಗೆದ್ದವಳು ಕೋಲನ್ನ ಇನ್ನೂ ಮೇಲಕ್ಕೆ ಏರಿಸಿಕೊಂಡು ಹಾರ್ತಾಳೆ, ಸಾಮಾನ್ಯವಾಗಿ ಮೂರು ಸಲ ಕೆಡವಿಯೇ ಮುಗಿಸ್ತಾಳೆ. ಚಾಂಪಿಯನ್ ಕೂಡ ಮೈದಾನ ಬಿಡೋದು ಒಂದು ಸೋಲಿನೊಂದಿಗೇ. ಅವಳ ಮಿತಿ ಎಲ್ಲಿದೆ ಅಂತ ಹೇಳೋದು ಆ ಬಿದ್ದ ಕೋಲು ಮಾತ್ರ. ಟೈಲರ್‌ಗೆ ಎರಡು ಸಲವೂ ಕೋಲು ಬಿತ್ತು, ಅವಳ ಕಾಲಿಗೇ ತಾಗಿ ಬಿತ್ತು. ಗ್ರೆಟೆಲ್‌ಗೆ ಬೀಳಿಸುವ ಅವಕಾಶವೇ ಸಿಗಲಿಲ್ಲ.

ಅದಕ್ಕೇ, 'ಬಿಟ್ಟಿದ್ದರೆ ಅವಳೇ ಚಿನ್ನ ಗೆಲ್ಲುತ್ತಿದ್ದಳು' ಅಂತ ಬರೆಯೋ ಲೇಖನಗಳು ನನಗೆ ಅಷ್ಟು ಹಿಡಿಸಲ್ಲ. ಗೆಲ್ಲುತ್ತಿದ್ದಳೋ ಏನೋ. 1.60 ಹಾರಿ ನಾಲ್ಕನೆಯವಳೂ ಆಗಬಹುದಿತ್ತು. ಗೆಲ್ಲುತ್ತಿದ್ದಳು ಅನ್ನೋದಕ್ಕೇ ಅನ್ಯಾಯವನ್ನ ಆತು ನಿಲ್ಲಿಸಿದರೆ, ಗೆಲ್ಲದವರ ಮೇಲೆ ನಡೆದದ್ದು ಅನ್ಯಾಯವೇ ಅಲ್ಲ ಅಂತಾಗುತ್ತೆ. ಕ್ಲಬ್ಬಿನಿಂದ ಆಚೆ ಹಾಕಿಸಿಕೊಂಡ, 1.40 ಕೂಡ ದಾಟಲಾರದ ಸಾವಿರಾರು ಯಹೂದಿ ಮಕ್ಕಳಿದ್ದರು. ಅವರಿಂದಲೂ ಕಿತ್ತುಕೊಂಡದ್ದು ಅದನ್ನೇ: ತಮ್ಮ ಕಾಲಿನಿಂದ ತಾವೇ ಸೋಲುವ ಹಕ್ಕು. ಮಧ್ಯಾಹ್ನದ ಊಟದ ಟೇಬಲ್‌ನಲ್ಲಿ ನಾವು 'ಮೆರಿಟ್' ಅಂತ ಗಂಟಲು ಹರಿದುಕೊಳ್ಳೋವಾಗ ಕೋಲು ಎಷ್ಟು ಎತ್ತರ ಇದೆ ಅಂತ ಮಾತ್ರ ಮಾತಾಡ್ತೀವಿ. ಓಡಿಬರುವ ದಾರಿಗೆ ಯಾರನ್ನ ಬಿಟ್ಟಿದ್ದರು, ಯಾರನ್ನ ಬಿಟ್ಟಿರಲಿಲ್ಲ ಅಂತ ಕೇಳಿದವನನ್ನ, ಮೂಡ್ ಹಾಳು ಮಾಡ್ದ ಅನ್ನೋ ಹಾಗೆ ನೋಡ್ತೀವಿ.

ಗೆದ್ದಿದ್ದರೆ ಏನು ಮಾಡಬೇಕಿತ್ತು ಅನ್ನೋದು ಕೂಡ ಗ್ರೆಟೆಲ್‌ಗೆ ಕಾಡಿದ್ದ ಪ್ರಶ್ನೆ. ಸೋತರೆ, ನೋಡಿ ಯಹೂದಿ ಅಂದ್ರೆ ಇಷ್ಟೇ ಅಂತಾರೆ. ಗೆದ್ದರೆ ಆರ್ಯ ಶ್ರೇಷ್ಠತೆಗೆ ಅವಮಾನ, ಅದರ ಬೆಲೆ ಮನೆಯವರು ತೆರಬೇಕಾಗಬಹುದು. ವೇದಿಕೆ ಮೇಲೆ ಎಲ್ಲ ಜರ್ಮನರ ಹಾಗೆ ಕೈ ಎತ್ತಬೇಕಾ? ಕತ್ತಿವರಸೆಯ ಹೆಲೆನ್ ಮೇಯರ್ ಎತ್ತಿದಳು. ಅವಳ ತಂದೆ ಯಹೂದಿ. ಕ್ಯಾಲಿಫೋರ್ನಿಯಾದಲ್ಲಿದ್ದವಳನ್ನ ಕರೆಸಿ ತಂಡಕ್ಕೆ ಹಾಕಿಕೊಂಡಿದ್ದರು. ಬೆಳ್ಳಿ ಗೆದ್ದು ವೇದಿಕೆ ಮೇಲೆ ನಾಜಿ ವಂದನೆ ಮಾಡಿದಳು. ಆ ಫೋಟೋ ನೋಡಿದರೆ ಈಗಲೂ ಮೈ ಜುಮ್ ಅನ್ನುತ್ತೆ. ಅವಳ ತಾಯಿ, ಅಣ್ಣತಮ್ಮಂದಿರು ಆಗ ಜರ್ಮನಿಯಲ್ಲೇ ಇದ್ದರು ಅಂತ ಗೊತ್ತಾದ ಮೇಲೆ ತೀರ್ಪು ಕೊಡೋ ನಾಲಿಗೆ ಸ್ವಲ್ಪ ತಡೆಯುತ್ತೆ.

ನಾಲ್ಕನೆಯ ಸ್ಥಾನ ಬಂದ ಡೋರಾ ರಾಟ್ಯನ್ ಬಗ್ಗೆ ಒಂದು ಮಾತು. ಶಿಬಿರದಲ್ಲಿ ಗ್ರೆಟೆಲ್‌ನ ರೂಮ್‌ಮೇಟ್. 1938ರ ಯುರೋಪಿಯನ್ ಕೂಟದಲ್ಲಿ 1.70 ಹಾರಿದ ಮೇಲೆ, ಮನೆಗೆ ವಾಪಸಾಗುವ ದಾರಿಯಲ್ಲಿ ಮಾಗ್ಡಬರ್ಗ್ ಸ್ಟೇಷನ್‌ನಲ್ಲಿ ಪೊಲೀಸರು ಹಿಡಿದರು. ಡೋರಾ ಹೆಣ್ಣಲ್ಲ, ಗಂಡು ಅಂತ ತೀರ್ಮಾನವಾಯಿತು. ಪದಕ ಹೋಯಿತು. ಆ ಚಿನ್ನ ಹೋಗಿ ಸೇರಿದ್ದೂ ಚಾಕ್ ಕೈಗೇ. ಗಂಡಸಿಗೆ ಹೆಣ್ಣು ವೇಷ ಹಾಕಿಸಿ ನಾಜಿಗಳು ಇಳಿಸಿದರು ಅನ್ನೋ ಕಥೆ ಬಹಳ ಕಾಲ ಓಡಿತು. ನಿಜ ಅದಲ್ಲ. ಹುಟ್ಟಿದಾಗ ಸೂಲಗಿತ್ತಿ ಮೊದಲು ಗಂಡು ಅಂದು, ಆಮೇಲೆ ಹೆಣ್ಣು ಅಂದದ್ದರಿಂದ ಹೆಣ್ಣುಮಗುವಾಗಿ ಬೆಳೆದ ಜೀವ ಅದು. ಆಮೇಲೆ ಹೈನ್ರಿಚ್ ಅಂತ ಹೆಸರು ಬದಲಾಯಿಸಿಕೊಂಡು ಸುದ್ದಿಗೆ ಸಿಗದೆ ಬದುಕಿತು. ಯಹೂದಿ ಅನ್ನೋ ಕಾರಣಕ್ಕೆ ಒಬ್ಬರಿಗೆ, ದೇಹದ ಕಾರಣಕ್ಕೆ ಒಬ್ಬರಿಗೆ, ಒಂದೇ ರೂಮಿನ ಇಬ್ಬರಿಗೂ ಆಟ ಮುಗೀತು.

1937ರಲ್ಲಿ ಗ್ರೆಟೆಲ್ ಅಮೆರಿಕಕ್ಕೆ ಹೋದಳು. ಹತ್ತು ಮಾರ್ಕ್, ಅಂದರೆ ನಾಲ್ಕು ಡಾಲರಿನಷ್ಟು ಹಣ ಮಾತ್ರ ತಗೊಂಡು ಹೋಗೋದಕ್ಕೆ ಬಿಟ್ಟರು. ನ್ಯೂಯಾರ್ಕ್‌ನಲ್ಲಿ ಮನೆಗೆಲಸ ಮಾಡಿದಳು. ಅದೇ ವರ್ಷ ಅಮೆರಿಕದ ಹೈಜಂಪ್ ಚಾಂಪಿಯನ್, ಗುಂಡು ಎಸೆತದ ಚಾಂಪಿಯನ್ ಎರಡೂ ಆದಳು, ಮುಂದಿನ ವರ್ಷ ಹೈಜಂಪ್‌ನಲ್ಲಿ ಮತ್ತೊಮ್ಮೆ. ಶಿಬಿರದಲ್ಲಿ ಪರಿಚಯವಾಗಿದ್ದ ಓಟಗಾರ, ಡಾಕ್ಟರ್ ಬ್ರೂನೋ ಲ್ಯಾಂಬರ್ಟ್‌ನನ್ನ ಮದುವೆಯಾಗಿ ಮಾರ್ಗರೆಟ್ ಲ್ಯಾಂಬರ್ಟ್ ಆದಳು. ಯುದ್ಧ ಶುರುವಾದ ಮೇಲೆ ಆಟ ನಿಂತಿತು.

ಇಪ್ಪತ್ತೆರಡರ ಹುಡುಗಿಯನ್ನ ಇಷ್ಟು ಹೊತ್ತು 'ಅವಳು' ಅಂತಲೇ ಬರೆದೆ. ಇನ್ನು ಮುಂದೆ ನಮ್ಮ ಅಜ್ಜಿಯ ವಯಸ್ಸಿನವರು, 'ಅವರು' ಅಂತಲೇ ಬರೀಬೇಕು.

ಅವರು ಒಂದು ಆಣೆ ಇಟ್ಟುಕೊಂಡಿದ್ದರು. ಜರ್ಮನಿಯ ನೆಲ ಮತ್ತೆ ತುಳಿಯಲ್ಲ. ಜರ್ಮನ್ ಮಾತಾಡಲ್ಲ. ಅರುವತ್ತು ವರ್ಷ ಹತ್ತಿರ ಹತ್ತಿರ ಹಾಗೇ ನಡೆದುಕೊಂಡರು. 1995ರಲ್ಲಿ ಬರ್ಲಿನ್‌ನ ಒಂದು ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟಾಗಲೂ ಹೋಗಲಿಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಜರ್ಮನ್ ಒಲಿಂಪಿಕ್ ಸಮಿತಿ ಅತಿಥಿಯಾಗಿ ಕರೆದಾಗ ಹೋದರು, ಅದು ಅಮೆರಿಕದಲ್ಲೇ ಇತ್ತಲ್ಲ. ಈ ಸಲ ಯಾರೂ ನಿಂತು ನೋಡಿ ಅನ್ನಲಿಲ್ಲ. 1999ರಲ್ಲಿ ಹುಟ್ಟೂರು ಲಾಪ್‌ಹೈಮ್‌ನ ಸ್ಟೇಡಿಯಮ್ಮಿಗೆ ಅವರ ಹೆಸರಿಟ್ಟರು. ಆಗ ಆಣೆ ಮುರಿದು, ಎಂಬತ್ತೈದನೇ ವಯಸ್ಸಲ್ಲಿ, ಊರಿಗೆ ಹೋದರು. ಯಾಕೆ ಅನ್ನೋದಕ್ಕೆ ಅವರು ಕೊಟ್ಟ ಕಾರಣ ಸರಳ. ಈ ಗ್ರೆಟೆಲ್ ಬರ್ಗ್‌ಮನ್ ಯಾರು ಅಂತ ಮುಂದೆ ಮಕ್ಕಳು ಕೇಳ್ತಾರೆ, ಆಗ ಆ ಕಾಲದ ಕಥೆ ಹೇಳಬೇಕಾಗುತ್ತೆ. ಜೊತೆಗೆ, ಹಿರಿಯರು ಮಾಡಿದ್ದಕ್ಕೆ ಈಗಿನ ಚಿಕ್ಕವರನ್ನ ಹೊಣೆ ಮಾಡಬಾರದು ಅಂತ ತನಗೆ ಬರಬರುತ್ತಾ ಅನ್ನಿಸಿತು ಅಂತ.

ಈ ಕೊನೆಯ ಮಾತನ್ನ ಓದಿ ಖುಷಿಪಡೋದು ಸುಲಭ. ನಾನು ಸ್ವಲ್ಪ ತಡೆದೆ. ಯಾಕೆಂದರೆ ಇದೇ ಮಾತನ್ನ ನಾವೂ ಆಡ್ತೀವಿ: 'ತಾತನ ಕಾಲದಲ್ಲಿ ಊರಲ್ಲಿ ಏನೋ ನಡೀತಿತ್ತಂತೆ, ಅದಕ್ಕೆ ನಾನೇನು ಮಾಡ್ಲಿ? ನಾನು ಯಾರ ಜಾತಿ ಕೇಳಿದ್ದೀನಿ?' ಅಕ್ಷರಕ್ಕೆ ಅಕ್ಷರ ಅದೇ ವಾಕ್ಯ. ಆದರೆ ಮಾರ್ಗರೆಟ್ ಅಜ್ಜಿಯ ಬಾಯಲ್ಲಿ ಅದು ದೊಡ್ಡತನ, ನನ್ನ ಬಾಯಲ್ಲಿ ನುಣುಚಿಕೊಳ್ಳುವ ಉಪಾಯ. ಸಾಲ ಕೊಟ್ಟವನು 'ಬಿಡಪ್ಪಾ, ನಿನ್ನ ತಾತ ತಗೊಂಡದ್ದು' ಅನ್ನಬಹುದು. ಆ ಸಾಲದಲ್ಲಿ ಕಟ್ಟಿದ ಮನೆಯ ಜಗಲಿ ಮೇಲೆ ಕೂತ ಮೊಮ್ಮಗ ಮುಂಚೆಯೇ ಎದ್ದು ಅದನ್ನ ಹೇಳಿಬಿಟ್ಟರೆ ಹೇಗಿರುತ್ತೆ? ಲಾಪ್‌ಹೈಮ್‌ನ ಜನ ಹಾಗೆ ಹೇಳಲಿಲ್ಲ, ಸ್ಟೇಡಿಯಮ್ಮಿಗೆ ಹೆಸರಿಟ್ಟು ಕರೆದರು. ಅವರು ಹೊಣೆ ಹೊತ್ತದ್ದರಿಂದಲೇ ಅಜ್ಜಿಗೆ ಅದನ್ನ ಇಳಿಸೋದು ಸಾಧ್ಯವಾಯಿತು. ಯಾರೂ ಹೊರದೇ ಇದ್ದ ಭಾರವನ್ನ ಇಳಿಸೋದು ಹೇಗೆ?

ಆಮೇಲೆ ಆ 1.60. ಸ್ಟುಟ್‌ಗಾರ್ಟ್‌ನಲ್ಲಿ ಹಾರಿದ ಆ ಎತ್ತರವನ್ನ ದಾಖಲೆ ಅಂತ ಆಗ ಯಾರೂ ಪುಸ್ತಕಕ್ಕೆ ಸೇರಿಸಿರಲಿಲ್ಲ. 2009ರ ನವೆಂಬರ್‌ನಲ್ಲಿ ಜರ್ಮನಿಯ ಅಥ್ಲೆಟಿಕ್ಸ್ ಸಂಸ್ಥೆ ಅದನ್ನ ಅಧಿಕೃತವಾಗಿ ಸೇರಿಸಿತು. ಎಪ್ಪತ್ತಮೂರು ವರ್ಷ ಆದ ಮೇಲೆ! ಆಗ ಅವರಿಗೆ ತೊಂಬತ್ತೈದು. ಮಹಿಳೆಯರ ವಿಶ್ವದಾಖಲೆ 2.09 ಮೀಟರ್ ಆಗಿತ್ತು, 1.60ನ್ನ ಹೈಸ್ಕೂಲ್ ಹುಡುಗಿಯರೂ ದಾಟ್ತಿದ್ದರು. ಇದರಿಂದ ಹಳೆಯದು ಸರಿಹೋಗಲ್ಲ ಅಂತ ಸಂಸ್ಥೆಯೇ ಒಪ್ಪಿಕೊಂಡಿತು.

ಇದನ್ನ ಮೊದಲು ಓದಿದಾಗ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅನ್ನಿಸಿತು. ಈಗ ಹಾಗೆ ಅನ್ನಿಸಲ್ಲ. ದಾಖಲೆ ಅನ್ನೋದು ಬಹುಮಾನ ಅಲ್ಲ. ಬಹುಮಾನ ತಡವಾಗಿ ಕೊಟ್ಟರೆ ಹಳಸಿದ ಊಟ ಬಡಿಸಿದ ಹಾಗೆ. ದಾಖಲೆ ಅಂದ್ರೆ ಒಂದು ಹೇಳಿಕೆ: ಈ ದಿನ, ಈ ಮೈದಾನದಲ್ಲಿ, ಇವಳು ಇಷ್ಟು ಹಾರಿದಳು. ಅದು ನಿಜ ಅಥವಾ ಸುಳ್ಳು. 1936ರಿಂದ 2009ರ ತನಕ ಜರ್ಮನಿಯ ಪುಸ್ತಕದಲ್ಲಿ ಪ್ರತಿ ದಿನ ಒಂದು ಸುಳ್ಳು ಇತ್ತು. ಅದನ್ನ ತೆಗೆದರು. ಅವರ ಮೇಲೆ ಉಪಕಾರ ಮಾಡಲಿಲ್ಲ, ತಮ್ಮ ಪುಸ್ತಕ ಸರಿ ಮಾಡಿಕೊಂಡರು. ಕ್ಷಮೆ ಕೇಳೋದು ಬೇರೆ. ಕ್ಷಮೆಯಲ್ಲಿ ಕೇಳುವವನ ಮನಸ್ಸೇ ಮುಂದೆ ಬರುತ್ತೆ: ನನಗೆ ಬೇಜಾರಾಗಿದೆ, ನನಗೆ ನಿದ್ದೆ ಬರ್ತಿಲ್ಲ. ತಿದ್ದುಪಡಿಯಲ್ಲಿ ಮುಂದೆ ಬರೋದು ಅವಳು ಹಾರಿದ ಎತ್ತರ ಮಾತ್ರ.

ಮಾರ್ಗರೆಟ್ ಲ್ಯಾಂಬರ್ಟ್ 2017ರ ಜುಲೈ 25ಕ್ಕೆ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ನೂರ ಮೂರು ವರ್ಷ ಬದುಕಿದರು. ಪತ್ರಕ್ಕೆ ಸಹಿ ಹಾಕಿಸಿದ ಸರಕಾರ ಬದುಕಿದ್ದು ಹನ್ನೆರಡು ವರ್ಷ.

ಇದೆಲ್ಲ ಓದಿ ಮುಗಿಸಿದ ವಾರ ನಾನು ಆ ಹಳೇ ಸಹೋದ್ಯೋಗಿಗೆ ಒಂದು ಮೇಲ್ ಕಳಿಸಿದೆ. ಉದ್ದ ಬರೆದಿದ್ದೆ, ಆಮೇಲೆ ನನಗೆ ನಿದ್ದೆ ಬರ್ತಿಲ್ಲ ಅನ್ನೋ ಭಾಗವನ್ನೆಲ್ಲ ಅಳಿಸಿದೆ. ಉಳಿದದ್ದು ಎರಡು ಸಾಲು: ಆ ವರ್ಷದ ರಿವ್ಯೂನಲ್ಲಿ ನಾನು ನಿಮ್ಮ ಬಗ್ಗೆ ಬರೆದದ್ದು ನಿಜವಲ್ಲ. ನಿಮ್ಮ ಕೆಲಸ ಚೆನ್ನಾಗಿತ್ತು, ಅದು ನನಗೆ ಆಗಲೇ ಗೊತ್ತಿತ್ತು.

ಮೂರು ವಾರ ಉತ್ತರ ಇಲ್ಲ. ಆಮೇಲೆ ಬಂತು. 'ಥ್ಯಾಂಕ್ಸ್. ನೀವು ಹೇಳಿದ್ದನ್ನ ಬರ್ಕೊಂಡಿದ್ದ ನೋಟ್‌ಬುಕ್ ಇನ್ನೂ ನನ್ನ ಹತ್ರ ಇದೆ. ಈ ಮೇಲನ್ನ ಆ ಕಂಪನಿಯ ಎಚ್‌ಆರ್‌ಗೂ ಕಳಿಸ್ತೀರಾ? ಅಲ್ಲಿ ನನ್ನ ಫೈಲ್‌ನಲ್ಲಿ ಹಳೇದೇ ಇದೆ.'

ನಾನು ಇನ್ನೂ ಅದೇ ಕಂಪನಿಯಲ್ಲಿದ್ದೀನಿ. ಎಚ್‌ಆರ್ ವಿಳಾಸ ಹಾಕಿ, ಸಬ್ಜೆಕ್ಟ್ ಬರೆದು ಇಟ್ಟಿದ್ದೀನಿ. ಹನ್ನೊಂದು ದಿನದಿಂದ ಡ್ರಾಫ್ಟ್ಸ್‌ನಲ್ಲಿದೆ.